ಕಿತ್ತೂರಿಗೆ ಬಂದ ಎ.ಸಿ. ಬೇಡದ ಎಕ್ಸ್‌ಚೇಂಜ್

ಕಿತ್ತೂರು ಎಂದರೆ ನಮಗೆ 1824ನೇ ಇಸವಿ, ರಾಣಿ ಚೆನ್ನಮ್ಮ, ಪಾಳುಬಿದ್ದ ಕೋಟೆ. ಆ ಊರಿಗೆ ಇನ್ನೊಂದು ಇಸವಿಯೂ ಇದೆ. ಅದನ್ನು ನೆನೆಯುವವರು ಕಡಿಮೆ. 1986ರ ಜುಲೈ ತಿಂಗಳಲ್ಲಿ ಅಲ್ಲಿ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜುಗಳಲ್ಲಿ ಅದೇ ಮೊದಲನೆಯದು. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ‘ರಾಕ್ಸ್’ ಎಂದು ಕರೆದರು. ಒಟ್ಟು 128 ಪೋರ್ಟುಗಳು. ಕೆಲವು ಊರಿನ ಫೋನುಗಳಿಗೆ, ಉಳಿದವು ಹೊರಗಿನ ಎಕ್ಸ್‌ಚೇಂಜುಗಳಿಗೆ ಹೋಗುವ ಲೈನುಗಳಿಗೆ.

ತಂತ್ರಜ್ಞಾನದ ಇತಿಹಾಸವನ್ನು ಅಧ್ಯಯನ ಮಾಡುವ ನನ್ನಂಥವರಿಗೆ ಅಣೆಕಟ್ಟು, ಉಪಗ್ರಹ, ಅಣುಸ್ಥಾವರಗಳ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಅಗ್ಗದ ಯಂತ್ರಗಳ ಚರಿತ್ರೆ ಬರೆಯುವವರು ಮಾತ್ರ ಕಡಿಮೆ. ಅಗ್ಗ ಎಂದರೆ ಕಳಪೆ ಎಂಬ ಭಾವನೆ ನಮ್ಮ ಮಾತಿನಲ್ಲೇ ಬೇರುಬಿಟ್ಟಿರುವುದು ಇದಕ್ಕೆ ಒಂದು ಕಾರಣವಿರಬಹುದು. ಕಿತ್ತೂರಿನ ಪೆಟ್ಟಿಗೆ ನನಗೆ ಮುಖ್ಯವಾಗುವುದು ಇಲ್ಲಿಯೇ. ಅದರಲ್ಲಿ ಖರ್ಚು ಕಡಿಮೆ ಮಾಡಿದ ನಿರ್ಧಾರವೂ ಬಾಳಿಕೆ ಹೆಚ್ಚಿಸಿದ ನಿರ್ಧಾರವೂ ಹಲವು ಕಡೆ ಒಂದೇ ಆಗಿದ್ದವು.

ಮೊದಲು ಹಿನ್ನೆಲೆ ನೋಡೋಣ. 1980ರ ಸುಮಾರಿಗೆ ಸುಮಾರು 70 ಕೋಟಿ ಜನರ ಈ ದೇಶದಲ್ಲಿ ಇದ್ದ ಟೆಲಿಫೋನುಗಳು 25 ಲಕ್ಷದ ಆಸುಪಾಸು. ಅವೂ ಹೆಚ್ಚಾಗಿ ಪಟ್ಟಣಗಳಲ್ಲಿ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕೂರುವುದು ಸಾಮಾನ್ಯವಾಗಿತ್ತು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆ ಮೊದಲು ತಯಾರಿಸಿದ್ದು ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು. ಅಮೆರಿಕದಲ್ಲಿ 1891ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಡಯಲ್ ತಿರುಗಿಸಿದಂತೆಲ್ಲ ಲೋಹದ ಕೈಗಳು ಮೇಲೇರಿ, ಪಕ್ಕಕ್ಕೆ ತಿರುಗಿ, ಇನ್ನೊಂದು ಲೋಹವನ್ನು ಮುಟ್ಟಬೇಕು. ಮುಟ್ಟುವ ಜಾಗಗಳಲ್ಲಿ ದೂಳು ಕೂತರೆ ಮಾತು ಕಡಿಯುತ್ತದೆ. ಆಮೇಲೆ 1960ರ ದಶಕದಲ್ಲಿ ಬೆಲ್ಜಿಯಂ ಕಂಪನಿಯೊಂದರ ಲೈಸೆನ್ಸ್ ಪಡೆದು ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳನ್ನು ತಂದರು. ಅವು ಇಲ್ಲಿನ ಸಂಚಾರದ ಒತ್ತಡಕ್ಕೆ ತಡಬಡಿಸಿದವು. ಯುರೋಪಿನಲ್ಲಿ ಒಂದು ಫೋನನ್ನು ಒಂದು ಮನೆಯವರು ಬಳಸುತ್ತಿದ್ದರೆ, ಇಲ್ಲಿ ಒಂದು ಫೋನಿನ ಸುತ್ತ ಒಂದು ಬೀದಿಯೇ ಇರುತ್ತಿತ್ತು.

ಸಿ-ಡಾಟ್ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ. ಷಿಕಾಗೋದಿಂದ ಬಂದ ಸ್ಯಾಮ್ ಪಿತ್ರೋಡಾ, ಸಂಸ್ಥೆಯ ನಿರ್ದೇಶಕರಾಗಿದ್ದ ಜಿ.ಬಿ. ಮೀಮಾಂಸಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಎಂ.ವಿ. ಪಿಟ್ಕೆ ಅದರ ಆರಂಭದ ಪ್ರಮುಖರು. ಕೊಟ್ಟ ಹಣ 36 ಕೋಟಿ ರೂಪಾಯಿ, ಕೊಟ್ಟ ಅವಧಿ 36 ತಿಂಗಳು. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡಿದ ಎಂಜಿನಿಯರುಗಳ ಸರಾಸರಿ ವಯಸ್ಸು 25ರ ಸುಮಾರು.

ವಿದೇಶದ ಡಿಜಿಟಲ್ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ಲೆಕ್ಕದಲ್ಲಿ ರೂಪುಗೊಂಡಿದ್ದವು. ಅವುಗಳಿಗೆ ತಂಪಾದ, ದೂಳಿಲ್ಲದ ಕೋಣೆ ಬೇಕಿತ್ತು. ನೂರು ಫೋನುಗಳ ಊರಿಗೆ ಅಂಥದ್ದನ್ನು ತಂದರೆ ಮೂಗಿಗಿಂತ ಮೂಗುತಿ ಭಾರ. ಎ.ಸಿ. ಬೇಕೆಂದರೆ ಅದಕ್ಕೆ ಕರೆಂಟ್ ಬೇಕು. ಹಳ್ಳಿಯಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ, ಆದ್ದರಿಂದ ಡೀಸೆಲ್ ಜನರೇಟರ್ ಬೇಕು. ಜನರೇಟರಿಗೆ ಡೀಸೆಲ್ ಬೇಕು, ನೋಡಿಕೊಳ್ಳಲು ಆಳು ಬೇಕು. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಒಂದು ದಿನ ಡೀಸೆಲ್ ಮುಗಿದರೆ ಎ.ಸಿ. ನಿಲ್ಲುತ್ತದೆ, ಕೋಣೆ ಬಿಸಿಯೇರುತ್ತದೆ, ಎಕ್ಸ್‌ಚೇಂಜ್ ಕೆಡುತ್ತದೆ. ಎಂದರೆ ಯಂತ್ರವನ್ನು ಕಾಪಾಡಲೆಂದು ತಂದ ಎ.ಸಿ.ಯೇ ಅದರ ಅತ್ಯಂತ ದುರ್ಬಲ ಕೊಂಡಿಯಾಗುತ್ತದೆ.

ಇದರ ಹಿಂದಿನ ಗಣಿತ ಸರಳ. ಒಂದರ ಮೇಲೊಂದು ಅವಲಂಬಿಸಿದ ಹತ್ತು ಭಾಗಗಳಿವೆ, ಪ್ರತಿಯೊಂದೂ ಕೆಡದೆ ಉಳಿಯುವ ಸಾಧ್ಯತೆ ಶೇ. 99 ಎಂದುಕೊಳ್ಳಿ. ಇಡೀ ಯಂತ್ರ ಕೆಡದೆ ಉಳಿಯುವ ಸಾಧ್ಯತೆ ಸುಮಾರು ಶೇ. 90ಕ್ಕೆ ಇಳಿಯುತ್ತದೆ. ಹತ್ತರ ಜಾಗದಲ್ಲಿ ಐದೇ ಭಾಗಗಳಿದ್ದರೆ ಅದು ಶೇ. 95. ಬೇಡದ ಭಾಗವನ್ನು ತೆಗೆದರೆ ಹಣ ಉಳಿಯುತ್ತದೆ. ಕೆಡಬಹುದಾದ ಒಂದು ವಸ್ತುವೂ ಕಡಿಮೆಯಾಗುತ್ತದೆ. ಆದರೆ ಅದು ನಿಜಕ್ಕೂ ಬೇಡದ ಭಾಗವಾಗಿರಬೇಕು. ಎ.ಸಿ.ಯನ್ನು ಸುಮ್ಮನೆ ಕಿತ್ತುಹಾಕಿದರೆ ಆಗದು, ಅದರ ಅಗತ್ಯವನ್ನೇ ಇಲ್ಲವಾಗಿಸಬೇಕು.

ರಾಕ್ಸ್‌ನ ವಿನ್ಯಾಸಕರು ಮಾಡಿದ್ದು ಅದನ್ನೇ. ಕಡಿಮೆ ವಿದ್ಯುತ್ ಎಳೆಯುವ, ಆದ್ದರಿಂದ ಕಡಿಮೆ ಬಿಸಿಯಾಗುವ ಚಿಪ್ಪುಗಳನ್ನು ಆರಿಸಿದರು. ಹುಟ್ಟಿದಷ್ಟು ಶಾಖ ಗಾಳಿಯ ಸಹಜ ಚಲನೆಯಿಂದಲೇ ಹೊರಹೋಗುವಂತೆ ಮಾಡಿದರು. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಕೆಳಗಿನಿಂದ ತಣ್ಣನೆಯದು ಬರುತ್ತದೆ. ನಮ್ಮ ಹಳೆಯ ಮನೆಗಳ ಬೆಳಕಿಂಡಿ ಮಾಡುವ ಕೆಲಸವೇ ಇದು. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದು ರೂಢಿಯ ಲೆಕ್ಕವಿದೆ: ಕೆಪಾಸಿಟರಿನಂಥ ಭಾಗಗಳ ಸುತ್ತ ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬಿಸಿ ಹುಟ್ಟದಂತೆ ನೋಡಿಕೊಂಡರೆ ಎ.ಸಿ.ಯ ಖರ್ಚು ತಪ್ಪುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಭಾಗಗಳೂ ಹೆಚ್ಚು ವರ್ಷ ಬಾಳುತ್ತವೆ.

ಎರಡನೆಯ ನಿರ್ಧಾರ, ಯಾವುದನ್ನು ಜೋಡಿಯಾಗಿ ಇಡಬೇಕು ಎಂಬುದು. ಎಲ್ಲವನ್ನೂ ಎರಡೆರಡು ಇಟ್ಟರೆ ಖರ್ಚೂ ಎರಡರಷ್ಟು. ಸಿ-ಡಾಟ್ ಎಕ್ಸ್‌ಚೇಂಜುಗಳಲ್ಲಿ ಒಂದು ಲೈನ್ ಕಾರ್ಡಿಗೆ ಎಂಟು ಫೋನುಗಳು. ಆ ಕಾರ್ಡ್ ಕೆಟ್ಟರೆ ಎಂಟು ಮನೆಗಳ ಫೋನು ಸತ್ತುಹೋಗುತ್ತದೆ, ಊರಿನದಲ್ಲ. ಆದರೆ ನಿಯಂತ್ರಣದ ಕಾರ್ಡ್ ಕೆಟ್ಟರೆ ಇಡೀ ಊರೇ ಮೂಕ. ಆದ್ದರಿಂದ ಲೈನ್ ಕಾರ್ಡುಗಳನ್ನು ಒಂಟಿಯಾಗಿಯೇ ಬಿಟ್ಟು, ನಿಯಂತ್ರಣದ ಮುಖ್ಯ ಕಾರ್ಡುಗಳನ್ನು ಮಾತ್ರ ಜೋಡಿಯಾಗಿ ಇಟ್ಟರು. ಒಂದು ದುಡಿಯುವಾಗ ಇನ್ನೊಂದು ಸಿದ್ಧವಾಗಿ ಕಾದಿರುತ್ತದೆ. ಒಂದು ಕೆಡುವ ಸಾಧ್ಯತೆ ನೂರಕ್ಕೆ ಐದು ಎಂದಾದರೆ, ಎರಡೂ ಬೇರೆ ಬೇರೆ ಕಾರಣಕ್ಕೆ ಒಟ್ಟಿಗೆ ಕೆಡುವ ಸಾಧ್ಯತೆ ಹತ್ತು ಸಾವಿರಕ್ಕೆ 25 ಮಾತ್ರ. ಕೆಟ್ಟದ್ದು ಯಾವುದೆಂದು ಪತ್ತೆಹಚ್ಚುವ ಪರೀಕ್ಷೆಯನ್ನು ಯಂತ್ರದೊಳಗೇ ಇಟ್ಟರು. ಹಳ್ಳಿಯ ಸಿಬ್ಬಂದಿ ಸರ್ಕಿಟ್ ಬಿಚ್ಚಿ ಬೆಸುಗೆ ಹಾಕಬೇಕಿಲ್ಲ. ಕೆಟ್ಟ ಕಾರ್ಡ್ ಎಳೆದು, ಒಳ್ಳೆಯದನ್ನು ತೂರಿಸಿ, ಕೆಟ್ಟದ್ದನ್ನು ರಿಪೇರಿಗೆ ಕಳಿಸಿದರೆ ಆಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಉಳಿತಾಯ ಮಾಡಬಾರದ ಜಾಗವನ್ನು ಗುರುತಿಸಿದ್ದು. ಎಲ್ಲರೂ ಒಮ್ಮೆಲೇ ಮಾತಾಡುವುದಿಲ್ಲ ಎಂಬ ನಂಬಿಕೆಯ ಮೇಲೆ, ಇರುವ ಫೋನುಗಳಿಗಿಂತ ಕಡಿಮೆ ಹಾದಿಗಳನ್ನು ಇಡುವುದು ಟೆಲಿಫೋನ್ ಉದ್ಯಮದ ಹಳೆಯ ಮಿತವ್ಯಯ. ಕ್ರಾಸ್‌ಬಾರ್ ಇಲ್ಲಿ ಎಡವಿದ್ದು ಆ ನಂಬಿಕೆಯಲ್ಲೇ. ರಾಕ್ಸ್‌ನಲ್ಲಿ 128 ಪೋರ್ಟುಗಳಿಗೂ ತಮ್ಮದೇ ಹಾದಿ ಇತ್ತು, ಒಳಗಡೆ ದಾರಿ ಸಿಗದೆ ಕರೆ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಲೋಹದ ಸಂಪರ್ಕಗಳಲ್ಲಿ ಇದನ್ನು ನೇರವಾಗಿ ಮಾಡಬೇಕೆಂದರೆ 128ನ್ನು 128ರಿಂದ ಗುಣಿಸಿ, 16,384 ಕೂಡುಬಿಂದುಗಳನ್ನು ಹೂಡಬೇಕು. ಡಿಜಿಟಲ್ ವಿಧಾನದಲ್ಲಿ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ ಎಂಟು ಬಿಟ್‌ಗಳ ಅಂಕಿಯಾಗಿಸಿ, ಒಂದೇ ಹಾದಿಯಲ್ಲಿ ಸರದಿಯಂತೆ ಕಳಿಸಲಾಗುತ್ತದೆ. ಯಾರ ಅಂಕಿಯನ್ನು ಯಾರ ಸರದಿಯಲ್ಲಿ ಓದಬೇಕು ಎಂದು ಬದಲಿಸಿದರೆ ಸಂಪರ್ಕ ಏರ್ಪಟ್ಟಂತೆ. ಹಿಂದೆ ಸಾವಿರಾರು ಲೋಹದ ಬೆರಳುಗಳು ಮಾಡುತ್ತಿದ್ದ ಕೆಲಸ ಈಗ ಮೆಮೊರಿ ಚಿಪ್ಪಿನದಾಯಿತು. ಹಳೆಯ ತಂತ್ರದಲ್ಲಿ ದುಬಾರಿಯಾಗಿದ್ದದ್ದು ಹೊಸತರಲ್ಲಿ ಅಗ್ಗ. ಅದನ್ನು ಗಮನಿಸದೆ ಹಳೆಯ ಜಾಗದಲ್ಲೇ ಕೈಬಿಗಿ ಹಿಡಿದಿದ್ದರೆ ಸಿಗುತ್ತಿದ್ದದ್ದು ಚಿಲ್ಲರೆ ಉಳಿತಾಯ, ಜೊತೆಗೆ ಹಳೆಯ ರೋಗ.

ಇದನ್ನು ವಿಜಯದ ಕಥೆಯಾಗಿ ಮುಗಿಸಲು ಆಗುವುದಿಲ್ಲ. ಸಿ-ಡಾಟ್ ಭರವಸೆ ಕೊಟ್ಟಿದ್ದ ದೊಡ್ಡ ನಗರ ಎಕ್ಸ್‌ಚೇಂಜ್ 36 ತಿಂಗಳಲ್ಲಿ ಸಿದ್ಧವಾಗಲಿಲ್ಲ. ಅದರ ಬಗ್ಗೆ ಕಟುವಾದ ಟೀಕೆಗಳು ಬಂದವು, ಕೆಲವು ನ್ಯಾಯವಾದವೇ. ಹಳ್ಳಿಯ ಎಕ್ಸ್‌ಚೇಂಜ್ ಸಾವಿರಾರು ಊರುಗಳಿಗೆ ಹಬ್ಬಿದ್ದು ನಿಜ. ಆದರೆ ಎಕ್ಸ್‌ಚೇಂಜ್ ಕೆಡದಿದ್ದ ಮಾತ್ರಕ್ಕೆ ಫೋನು ಕೆಡದು ಎಂದಲ್ಲ. ಎಕ್ಸ್‌ಚೇಂಜಿನಿಂದ ದೂರದ ಹಳ್ಳಿಗಳಿಗೆ ರೇಡಿಯೋ ಮೂಲಕ ಸಾರ್ವಜನಿಕ ಫೋನು ಕೊಡುವ ‘ಮಾರ್’ ಎಂಬ ವ್ಯವಸ್ಥೆ ಬಂತು. ಒಂದೇ ರೇಡಿಯೋ ನೆಲೆಯನ್ನು ಹಲವು ಹಳ್ಳಿಗಳು ಹಂಚಿಕೊಂಡರೆ ಮೈಲಿಗಟ್ಟಲೆ ತಂತಿ ಉಳಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ಆದರೆ ಪ್ರತಿ ಹಳ್ಳಿಯ ತುದಿಯಲ್ಲೂ ಒಂದು ರೇಡಿಯೋ, ಒಂದು ಬ್ಯಾಟರಿ, ಅದಕ್ಕೆ ಕರೆಂಟಿನ ಏರ್ಪಾಡು. ಅವನ್ನು ನೋಡಿಕೊಳ್ಳುವವರು ಹಲವು ಮೈಲಿ ದೂರದಲ್ಲಿ. ಆ ಫೋನುಗಳು ಎಷ್ಟು ಕೆಟ್ಟುನಿಂತವೆಂದರೆ ಕೊನೆಗೆ ದೇಶದಾದ್ಯಂತ ಬೇರೆ ತಂತ್ರಜ್ಞಾನಕ್ಕೆ ಬದಲಿಸಬೇಕಾಯಿತು. ಸೋವಿಯಾದದ್ದು ಸೋಲುವುದು ಹೀಗೆ: ತಂತಿಯ ಖರ್ಚು ಉಳಿಸಿದ ಲೆಕ್ಕಪುಸ್ತಕದಲ್ಲಿ ರಿಪೇರಿಯ ಪುಟವೇ ಇರುವುದಿಲ್ಲ.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವ ವ್ಯತ್ಯಾಸ ತಂತ್ರಜ್ಞಾನದ ಮಟ್ಟದ್ದಲ್ಲ. ಖರ್ಚನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಿದರು ಎಂಬುದರದ್ದು. ರಾಕ್ಸ್‌ನಲ್ಲಿ ತೆಗೆದದ್ದು ಊರಿಗೆ ಬೇಡದ ಭಾರವನ್ನು. ಮಾರ್‌ನಲ್ಲಿ ತೆಗೆದ ಭಾರ ಎಲ್ಲಿಗೂ ಹೋಗಿರಲಿಲ್ಲ. ಇಲಾಖೆಯ ತಲೆಯಿಂದ ಇಳಿದು ಹಳ್ಳಿಯ ತಲೆಯ ಮೇಲೆ ಕೂತಿತ್ತು. ಹೆರಿಗೆನೋವಿನ ಹೆಂಗಸಿಗೆ ವಾಹನ ಕರೆಸಲು ಬಂದವನು ಸತ್ತ ರಿಸೀವರ್ ಹಿಡಿದು ನಿಂತಾಗ ಆಗುವ ನಷ್ಟ ಯಾವ ಟೆಂಡರಿನಲ್ಲೂ ದಾಖಲಾಗುವುದಿಲ್ಲ.

ಈಗ ಸ್ಥಿರ ದೂರವಾಣಿಯ ಕಾಲವೇ ಮುಗಿದಿದೆ. ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳೂ ಹೋದವು. ಆದರೂ ಇಂದು ನೀರಿನ ಪಂಪಿನ ಪ್ಯಾನಲ್ಲಿನಿಂದ ಆಸ್ಪತ್ರೆಯ ಉಪಕರಣದವರೆಗೆ ‘ಕಡಿಮೆ ಬೆಲೆಗೆ ಮಾಡಿಕೊಡಿ’ ಎಂಬ ಮಾತು ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳು ಹಳೆಯವೇ. ಇದು ಯಾವ ಕೋಣೆಯಲ್ಲಿ, ಎಷ್ಟು ಸೆಕೆಯಲ್ಲಿ ದುಡಿಯಬೇಕು? ಯಾವ ಭಾಗ ಕೆಟ್ಟರೆ ಎಷ್ಟು ಜನ ಕತ್ತಲಲ್ಲಿ ಕೂರಬೇಕು? ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಈ ಮೂರಕ್ಕೆ ಉತ್ತರ ಕಂಡುಕೊಂಡ ಮೇಲೆ ಬೆಲೆಯ ಮಾತು ಆಡಬಹುದು. ಅದಕ್ಕೂ ಮೊದಲು ಆಡಿದರೆ ಆ ಬೆಲೆಯನ್ನು ಬೇರೆ ಯಾರೋ ಕಟ್ಟುತ್ತಿರುತ್ತಾರೆ.