ಬೆಂಗಳೂರಿನ ಕೆರೆಗಳೂ ತೋಪುಗಳೂ

ಪಟ್ಟಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಅರಮನೆ, ಮುತ್ತಿಗೆ, ಒಪ್ಪಂದಗಳಿಂದ ತೊಡಗುವುದು ವಾಡಿಕೆ. ನಾವು ಇಲ್ಲಿ ಬೇರೊಂದು ದಾರಿಯನ್ನು ಹಿಡಿಯುವೆವು. ಭಾನುವಾರದ ಬೆಳಗ್ಗೆ ಕಾಲಿಗೆ ಜೋಡು ಮೆಟ್ಟಿ, ಕೈಯಲ್ಲಿ ಕೊಡೆ ಹಿಡಿದು, ಊರ ಒಳಗೂ ಹೊರಗೂ ಇರುವ ಹಸುರನ್ನು ನೋಡುತ್ತ ಹೋದರೂ ಬೆಂಗಳೂರಿನ ಚರಿತ್ರೆ ಸಾಕಷ್ಟು ತಿಳಿದುಬರುವುದು. ಶಾಸನಗಳಂತೆ ಮರಗಳನ್ನೂ ಏರಿಗಳನ್ನೂ ಓದಲು ಬರುತ್ತದೆ ಎಂಬುದೇ ಈ ಭಾಷಣದ ತಾತ್ಪರ್ಯ.

ಮೊದಲು ಲಾಲ್‌ಬಾಗಿನ ಬಂಡೆಯನ್ನು ಹತ್ತೋಣ. ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೊಂದುಂಟು. ಇಂಥವು ನಾಲ್ಕು, ಇವುಗಳ ಎಲ್ಲೆಯನ್ನು ಮೀರಿ ಊರು ಬೆಳೆಯಬಾರದೆಂಬ ಐತಿಹ್ಯವೂ ಉಂಟು. ಊರು ಮೀರಿ ಬೆಳೆದುದನ್ನು ಈ ಬಂಡೆಯ ಮೇಲೆ ನಿಂತವರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಇಲ್ಲಿಂದ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಎತ್ತರದ ಒಂದು ದಿಬ್ಬದ ಬೆನ್ನಿನ ಮೇಲೆ ಕುಳಿತಿದೆ. ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಸೇರುವುದು. ಪೂರ್ವದ ಇಳಿಜಾರಿನಲ್ಲಿ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಊರ ನಡುವೆ ಹರಿಯುವ ದೊಡ್ಡ ನದಿಯೊಂದೂ ಇಲ್ಲ. ನದಿಯಿಲ್ಲದ ಊರಿನವರು ಮಳೆಯ ನೀರನ್ನು ತಡೆದು ನಿಲ್ಲಿಸಿಕೊಳ್ಳದೆ ಬದುಕುವುದೆಂತು?

ಆದುದರಿಂದಲೇ 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಈ ಪಟ್ಟಣದ ಸುತ್ತ ಕೆಂಪಾಂಬುಧಿ, ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನು ಕಾಣುತ್ತೇವೆ. ಒಂದರ ಕೋಡಿ ಹರಿದು ಮತ್ತೊಂದನ್ನು ತುಂಬುವಂತೆ ಇಳಿಜಾರನ್ನು ಅನುಸರಿಸಿ ಕೆರೆಗಳನ್ನು ಸರಪಣಿಯಾಗಿ ಕಟ್ಟುವುದು ಈ ಸೀಮೆಯ ಪದ್ಧತಿ. ಏರಿಯ ಕೆಳಗೆ ಗದ್ದೆ, ಗದ್ದೆಯ ಪಕ್ಕದಲ್ಲಿ ಹೂವಿನ ತೋಟ, ಊರ ಮುಂದೆ ಗುಂಡುತೋಪು, ಅದರಾಚೆ ದನಗಳಿಗೆ ಗೋಮಾಳ. ತೂಬನ್ನು ತೆಗೆದು ಮುಚ್ಚಿ ನೀರನ್ನು ಹಂಚಲು ನೀರಗಂಟಿ. ಇದು ವಿಹಾರಕ್ಕಾಗಿ ಬೆಳೆಸಿದ ಹಸುರಲ್ಲ, ಅನ್ನಕ್ಕಾಗಿ ಬೆಳೆಸಿದ ಹಸುರು.

ಇದರ ಜೊತೆಗೆ ಮತ್ತೊಂದು ಬಗೆಯ ಹಸುರೂ ಇಲ್ಲಿ ಹುಟ್ಟಿತು. 1760ರಲ್ಲಿ ಹೈದರಾಲಿಯು ಲಾಲ್‌ಬಾಗಿಗೆ ಅಡಿಯಿಟ್ಟನು. ಟಿಪ್ಪುವು ಪರದೇಶಗಳಿಂದ ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯಶಾಸ್ತ್ರೀಯ ತೋಟವಾಯಿತು. ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತು. ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನರ ಕಾಲದಲ್ಲಿ ಇಲ್ಲಿ ಬೇರೂರಿದ ಸೀಮೆಬದನೆ ನಮ್ಮ ಅಡಿಗೆಮನೆಗಳನ್ನು ಸೇರಿ ಈಗ ನಮ್ಮದೇ ಆಗಿಬಿಟ್ಟಿದೆ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರು ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೀದಿಯ ಸಾಲುಮರಗಳನ್ನು ಯೋಜಿಸಿದರು. ಇತ್ತ 1870ರಲ್ಲಿ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯವರು ಕಬ್ಬನ್ ಉದ್ಯಾನವನ್ನು ರೂಪಿಸಿದರು. 1927ರಿಂದ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದರೂ ಜನರ ನಾಲಗೆಯ ಮೇಲೆ ಹಳೆಯ ಹೆಸರೇ ಉಳಿದಿದೆ.

ಈ ಎರಡು ಬಗೆಯ ಹಸುರಿನ ಗತಿ ಮುಂದೆ ಒಂದೇ ಆಗಲಿಲ್ಲ. ವಿಹಾರದ ತೋಟಗಳು ಉಳಿದುವು. ಅನ್ನದ ಕೆರೆಗಳಲ್ಲಿ ಅನೇಕವು ಅಳಿದುವು. ಧರ್ಮಾಂಬುಧಿಯ ನೆಲದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಕೋರಮಂಗಲದ ಕೆರೆಯಿದ್ದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗಳು ನಿರ್ಮಾಣವಾದುವು.

ಹೀಗಾಗಲು ಕಾರಣವೇನು? ಜನರ ದುರಾಸೆಯೆಂದು ಹೇಳಿ ಮುಗಿಸಿಬಿಡುವುದು ಸುಲಭ. ಚರಿತ್ರೆಗೆ ಅಷ್ಟು ಸಾಲದು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಊರಿಗೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ, 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಮೇಲಕ್ಕೆತ್ತಿ ತಂದ ಕಾವೇರಿಯ ನೀರೂ ಅದನ್ನು ಕೂಡಿಕೊಂಡುವು. ಇವು ನಿಸ್ಸಂದೇಹವಾಗಿ ಉಪಕಾರದ ಕಾರ್ಯಗಳು. ಶುದ್ಧಜಲವನ್ನು ಕುಡಿದು ಅದನ್ನು ತಂದವರನ್ನು ದೂರುವುದು ಕೃತಘ್ನತೆಯಾದೀತು. ಆದರೆ ಮನೆಯ ನಲ್ಲಿಯಲ್ಲಿ ನೀರು ಬಂದ ದಿನದಿಂದ ಕೆರೆಯ ಹೂಳೆತ್ತುವುದು ಯಾರಿಗೂ ಅವಶ್ಯವೆನಿಸಲಿಲ್ಲ. ನೀರಗಂಟಿಯ ಕೆಲಸ ಹೋಯಿತು. ಅವನೊಡನೆ ಕೆರೆಯ ಪರವಾಗಿ ಮಾತನಾಡುವ ಬಾಯಿಯೂ ಹೋಯಿತು. ಕೊಳಚೆ ತುಂಬಿದ ತಗ್ಗನ್ನು ಮುಚ್ಚುವುದು ಆಗಿನವರಿಗೆ ಆರೋಗ್ಯಕ್ಕೆ ಹಿತವಾದ ಸುಧಾರಣೆಯೆಂದೇ ತೋರಿತು.

ಉದ್ಯಾನಗಳಿಗಾದರೋ ಒಡೆಯರಿದ್ದರು, ಮಾಲಿಗಳಿದ್ದರು, ದಿನವೂ ಬಂದು ತಿರುಗಾಡುವ ನಗರವಾಸಿಗಳಿದ್ದರು. 1975ರಲ್ಲಿ ಅವುಗಳ ರಕ್ಷಣೆಗೆಂದು ಪ್ರತ್ಯೇಕ ಕಾನೂನೇ ಆಯಿತು. 1998ರಲ್ಲಿ ಕಬ್ಬನ್ ಉದ್ಯಾನದ ನೆಲಕ್ಕೆ ಕುತ್ತು ಬಂದಾಗ ನಾಗರಿಕರು ಬೀದಿಗಿಳಿದರು. ವಿಹಾರಿಗಳಿಗೆ ವಿದ್ಯೆಯೂ ಪತ್ರಿಕೆಗಳೂ ಒದಗಿದ್ದುವು. ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದವನಿಗೂ, ಗೋಮಾಳದಲ್ಲಿ ದನ ಮೇಯಿಸುತ್ತಿದ್ದವನಿಗೂ ಅವು ಇರಲಿಲ್ಲ.

ಇದಕ್ಕೆ ಸಾಕ್ಷಿಯಾಗಿ ಒಂದು ಸ್ಥಳವನ್ನು ತೋರಿಸುವೆವು. ಸಂಪಂಗಿ ಕೆರೆಯ ಆಸುಪಾಸಿನಲ್ಲಿಯೂ ಲಾಲ್‌ಬಾಗಿನ ಸುತ್ತಿನಲ್ಲಿಯೂ ತಿಗಳರು ತೋಟಗಾರಿಕೆಯಿಂದ ಬಾಳುತ್ತಿದ್ದರು. ಪ್ರತಿ ವರ್ಷ ಚೈತ್ರಮಾಸದ ಹುಣ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಅವರ ಉತ್ಸವ. ಆ ಉತ್ಸವದ ವಿಧಿಗಳಲ್ಲಿ ಸಂಪಂಗಿ ಕೆರೆಗೂ ಸ್ಥಾನವಿರುವುದರಿಂದ, ಅಷ್ಟು ದೊಡ್ಡ ಕೆರೆಯೆಲ್ಲ ಹೋದ ಮೇಲೂ ಕ್ರೀಡಾಂಗಣದ ಬಳಿ ಒಂದು ಪುಟ್ಟ ಕೊಳವನ್ನು ಉಳಿಸಿಕೊಂಡಿದ್ದಾರೆ. ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗ ಒಬ್ಬ ಹುಡುಗ, “ಇಷ್ಟೇ ಏನು?” ಎಂದು ಕೇಳಿದನು. ಇಷ್ಟೇ. ಅದೂ ಉಳಿದದ್ದು ವರ್ಷಕ್ಕೊಮ್ಮೆ ಅದನ್ನು ಬೇಕೆನ್ನುವ ಒಂದು ಜನ ಇದ್ದುದರಿಂದ.

ಹೋದದ್ದರ ಬೆಲೆಯನ್ನು ಊರು ಕಟ್ಟಿಯೂ ಆಗಿದೆ, ಕಟ್ಟುತ್ತಲೂ ಇದೆ. ವೃಷಭಾವತಿ ಚರಂಡಿಯ ನೀರನ್ನು ಹೊತ್ತು ಹರಿಯುತ್ತದೆ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ದೇಶವೇ ನೋಡಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬಡಾವಣೆಗಳ ಜನರು ಟ್ಯಾಂಕರಿನ ದಾರಿ ಕಾದರು. ಜೋರು ಮಳೆ ಬಂದಾಗ ತಗ್ಗಿನ ಬಡಾವಣೆಗಳಿಗೆ ನುಗ್ಗುವ ನೀರು, ತಾನು ಹಿಂದೆ ಹರಿಯುತ್ತಿದ್ದ ರಾಜಕಾಲುವೆಯ ಜಾಡನ್ನೇ ಹಿಡಿದಿರುತ್ತದೆ.

ಇನ್ನು ಶ್ರೋತೃಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಬಿಡುವಿನಲ್ಲಿ ಲಾಲ್‌ಬಾಗಿಗೆ ಹೋಗುವವರು ಹೂವಿನ ಮಡಿಗಳಲ್ಲಿಯೇ ನಿಲ್ಲದೆ ಅಲ್ಲಿಯ ಕೆರೆಯ ಏರಿಯ ಮೇಲೂ ನಡೆದು, ಅದಕ್ಕೆ ನೀರು ಎತ್ತಣಿಂದ ಬರುತ್ತದೆ, ಎತ್ತ ಹೋಗುತ್ತದೆ ಎಂದು ವಿಚಾರಿಸಬೇಕು. ಹಾಗೆಯೇ ನಿಮ್ಮ ಮನೆಯ ಮಾಡಿನ ಮೇಲೆ ಬಿದ್ದ ಮಳೆ ಯಾವ ಕೆರೆಯನ್ನು ಸೇರುವುದು, ಸೇರದಿದ್ದರೆ ದಾರಿಯಲ್ಲಿ ಅದನ್ನು ತಡೆದದ್ದು ಏನು ಎಂಬುದನ್ನೂ ನಡೆದು ನೋಡಬೇಕು. ಅರ್ಧ ದಿನದ ಕೆಲಸ. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಕೆರೆಗೆ ಈಗ ನೀರಗಂಟಿಯಿಲ್ಲ. ಅದರ ಪರವಾಗಿ ಮಾತನಾಡಬೇಕಾದರೆ ಅದರ ದಾರಿಯನ್ನು ಬಲ್ಲವರು ಊರಿನಲ್ಲಿ ಇನ್ನಷ್ಟು ಮಂದಿ ಇರಬೇಕು.