ಹಂಪಿಯ ಗುಂಡುಗಳ ಪೂರ್ವಕಥನ

ಕ್ರಿ.ಶ. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುಲ್ ರಝಾಕನು ವಿಜಯನಗರಕ್ಕೆ ಬಂದನು. ಪ್ರೌಢದೇವರಾಯನು ಪಟ್ಟದಲ್ಲಿದ್ದ ಕಾಲವದು. ಒಂದರೊಳಗೊಂದಾಗಿ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದ ಆ ಪಾರಸಿಕನು, ಹೊರಸುತ್ತಿನ ಮುಂದೆ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿರುವುದನ್ನೂ, ಕುದುರೆಯಾಗಲಿ ಕಾಲಾಳಾಗಲಿ ಅವುಗಳ ನಡುವೆ ಸಲೀಸಾಗಿ ನುಗ್ಗಲಾರದೆಂಬುದನ್ನೂ ಬರೆದಿಟ್ಟನು. ಕಲ್ಲು ನೆಟ್ಟವರು ರಾಯರ ಆಳುಗಳು. ಅಷ್ಟೊಂದು ಕಲ್ಲನ್ನು ಬೆಟ್ಟದಿಂದ ಬಿಡಿಸಿ ಹರವಿಟ್ಟವರು ಯಾರು? ಆ ಸೀಮೆಯ ಜನರಲ್ಲಿ ಇದಕ್ಕೆ ಸಿದ್ಧ ಉತ್ತರವುಂಟು. ಕಿಷ್ಕಿಂಧೆಯ ಕಪಿವೀರರು ಜಗಳದಲ್ಲಿ ಒಬ್ಬರ ಮೇಲೊಬ್ಬರು ಎಸೆದಾಡಿದ ಗುಂಡುಗಳಿವು.

ಆ ಕಥೆಯನ್ನು ಅಲ್ಲಗಳೆಯುವ ಆತುರ ನನಗಿಲ್ಲ. ಮಾತಂಗ ಪರ್ವತದ ನೆತ್ತಿಯಲ್ಲಿ ನಿಂತು ನೋಡಿದವರಿಗೆ ಯಾವುದೋ ಮಹಾಯುದ್ಧ ಅರ್ಧಕ್ಕೇ ನಿಂತಿದೆ ಎನ್ನಿಸದೆ ಇರದು. ಒಂದರ ಮೇಲೊಂದು ಏರಿ ಕುಳಿತ ಗುಂಡುಗಳು, ಈಗಲೋ ಆಗಲೋ ಉರುಳುವಂತಿರುವ ಬಂಡೆಗಳು, ನಡುವೆ ಆಳು ನುಸುಳುವಷ್ಟು ಸಂದುಗಳು. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಎಸೆಯಲಿಲ್ಲ, ಯಾವ ಹೊಳೆಯೂ ಹೊತ್ತು ತರಲಿಲ್ಲ. ಅವು ಹುಟ್ಟಿದ ಜಾಗದಲ್ಲೇ ಕುಳಿತಿವೆ. ಹೊರಟುಹೋದದ್ದು ಅವುಗಳ ಸುತ್ತ ಇದ್ದ ಬೆಟ್ಟ.

ಆ ಬೆಟ್ಟದ ವಂಶಾವಳಿ ಸಂಗಮ, ಸಾಳುವ, ತುಳುವ, ಅರವೀಡು ಮನೆತನಗಳದಕ್ಕಿಂತ ದೀರ್ಘವಾದದ್ದು. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದ ಮೇಲೆ ಒಂದು ಹುಲ್ಲೆಸಳೂ ಇಲ್ಲದ, ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕವೂ ಇಲ್ಲದ ಕಾಲದಲ್ಲಿ, ಭೂಗರ್ಭದ ಶಿಲಾಪಾಕ ಮೇಲಕ್ಕೆ ನುಗ್ಗಿತು. ಮೇಲ್ಮೈಯನ್ನು ಮುಟ್ಟದೆ, ಕಿಲೋಮೀಟರುಗಟ್ಟಲೆ ಆಳದಲ್ಲಿಯೇ ತಡೆದು ನಿಂತು ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದ್ದರಿಂದ ಹರಳುಗಳು ದಪ್ಪನಾಗಿ ಬೆಳೆದವು: ಹೊಳೆಯುವ ಬೆಣಚು, ನಸುಗೆಂಪು ಇಲ್ಲವೆ ಬೂದುಬಣ್ಣದ ಫೆಲ್ಡ್‌ಸ್ಪಾರ್, ನಡುನಡುವೆ ಕಪ್ಪು ಅಭ್ರಕ. ರಾಮನಗರದ ಹಳೆಯ ಹೆಸರಿನ ಮೇಲೆ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದರು. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಪಟ್ಟಿಯಿದು. ‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಅಬ್ಬರಿಸಿದ ಬಂಡೆಯೂ ವಿರೂಪಾಕ್ಷನ ಮಗ್ಗುಲಿನ ಹೇಮಕೂಟವೂ ಒಂದೇ ಕುಲದವು.

ಯುಗಗಳು ಕಳೆದವು. ಮೇಲೆ ಹೊದ್ದಿದ್ದ ಶಿಲೆ ಸವೆದು ಸವೆದು ತೆಳುವಾಯಿತು. ತಲೆಯ ಮೇಲಿನ ಭಾರ ಇಳಿದಂತೆ ಒಳಗಿನ ಕಲ್ಲು ಹಿಗ್ಗಿತು, ಹಿಗ್ಗಿದ್ದು ಬಿರಿಯಿತು. ನೆಲಕ್ಕೆ ಸಮಾನಾಂತರವಾಗಿ ಕೆಲವು ಬಿರುಕುಗಳು, ನೆಟ್ಟಗೆ ಕೆಳಗಿಳಿದ ಕೆಲವು, ಇವೆರಡನ್ನೂ ಅಡ್ಡಹಾಯ್ದ ಇನ್ನು ಕೆಲವು. ಹೀಗೆ ಅಖಂಡವಾಗಿದ್ದ ಶಿಲೆ ನೆಲದೊಳಗೇ ಚೌಕ ಚೌಕವಾದ ಪಾಲುಗಳಾಯಿತು. ಮಳೆ ಈ ರಾಜ್ಯವನ್ನು ಹೊಕ್ಕದ್ದು ಆ ಬಿರುಕುಗಳ ದಾರಿಯಲ್ಲಿ.

ಮಳೆನೀರು ಬರಿಯ ನೀರಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ ಅದಕ್ಕೆ ತುಸು ಹುಳಿಗುಣವುಂಟು. ಮಣ್ಣಿನ ಮೂಲಕ ಇಳಿಯುವಾಗ ಆ ಹುಳಿ ಇನ್ನೂ ಹೆಚ್ಚುತ್ತದೆ. ಬೆಣಚಿನ ಮುಂದೆ ಅದರ ಆಟ ನಡೆಯದು. ಫೆಲ್ಡ್‌ಸ್ಪಾರ್ ಮಾತ್ರ ಸೋಲುತ್ತದೆ. ಹೊಳಪು ಕಳೆದುಕೊಂಡು ಬಿಳಿಚಿ, ಕೊನೆಗೆ ಬೆರಳಿಗೆ ಹಿಟ್ಟಿನಂತೆ ಹತ್ತುವ ಜೇಡಿಯಾಗುತ್ತದೆ. ಅಭ್ರಕದೊಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ನೆರೆಯ ಹರಳುಗಳನ್ನು ದೂಡುತ್ತದೆ. ಬೆಣಚು ಗಟ್ಟಿಯಾಗಿಯೇ ಉಳಿದರೂ ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದೆ ಮರಳಾಗಿ ಉದುರುತ್ತದೆ. ಬಳ್ಳಾರಿ ಸೀಮೆಯ ರೈತರು ಗರಸು ಎನ್ನುವ ನೆಲ ಬಹುಮಟ್ಟಿಗೆ ಇದೇ. ಕಲ್ಲಿನ ಮೈಕಟ್ಟು ಹಾಗೆಯೇ ಕಾಣುತ್ತಿರುತ್ತದೆ, ಗುದ್ದಲಿ ಹಾಕಿದರೆ ಪುಡಿಯಾಗಿ ಇಳಿಯುತ್ತದೆ.

ಚೌಕವಾಗಿದ್ದದ್ದು ಗುಂಡಾದ ಬಗೆ ಸ್ವಾರಸ್ಯವಾದದ್ದು. ಕಲ್ಲಿನ ಮುಖಕ್ಕೆ ನೀರು ಒಂದು ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಆದ್ದರಿಂದ ಮೊದಲು ಮೂಲೆ ಹೋಗುತ್ತದೆ, ಆಮೇಲೆ ಅಂಚು. ನಡುವಿನ ತಿರುಳು ಉಂಡೆಯಾಗಿ ಉಳಿಯುತ್ತದೆ. ಇಷ್ಟೆಲ್ಲ ನಡೆದದ್ದು ಬಹುಪಾಲು ಮಣ್ಣಿನ ಕೆಳಗೆ, ಕತ್ತಲಲ್ಲಿ. ಬಯಲಿಗೆ ಬಂದ ಮೇಲೆ ಬಿಸಿಲು ತನ್ನ ಪಾಲಿನ ಕೆಲಸ ಮಾಡಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹಗಲು, ತಣಿಯುವ ರಾತ್ರಿ. ಹೊರಮೈ ದಿನವೂ ಹಿಗ್ಗಿ ಕುಗ್ಗಿ ಒಳಮೈಯ ಹಿಡಿತವನ್ನು ಬಿಡುತ್ತದೆ. ಹೇಮಕೂಟದ ಇಳಿಜಾರಿನಲ್ಲಿ ಈರುಳ್ಳಿಯ ಪದರದಂತೆ ಎದ್ದ ಚಪ್ಪಡಿಯನ್ನು ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ.

ಕಲ್ಲನ್ನು ಬಿಡಿಸುವುದು ಒಂದು ಕೆಲಸ, ಸಾಗಿಸುವುದು ಇನ್ನೊಂದು. ಶಾಲೆಯ ಪುಸ್ತಕ ಒಂದನ್ನು ಶಿಥಿಲೀಕರಣ ಎಂದೂ ಇನ್ನೊಂದನ್ನು ಸವೆತ ಎಂದೂ ಕರೆದು ಎರಡು ಪಾಠ ಮಾಡುತ್ತದೆ. ಹಂಪಿಯ ನೆಲದಲ್ಲಿ ಎರಡೂ ಒಂದೇ ಆಳ್ವಿಕೆಯ ಅಧಿಕಾರಗಳು. ಮಳೆ ಗರಸನ್ನು ಹಳ್ಳಕ್ಕೆ ಇಳಿಸಿತು, ಹಳ್ಳ ತುಂಗಭದ್ರೆಗೆ ಒಪ್ಪಿಸಿತು, ತುಂಗಭದ್ರೆ ಸಂಗಮೇಶ್ವರದ ಬಳಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಹೊಳೆ ಬರಿಯ ಹೊರೆಯಾಳಾಗಿಯೂ ಉಳಿಯಲಿಲ್ಲ. ಸಾಣಾಪುರ, ಆನೆಗೊಂದಿಗಳ ಬಳಿ ನೀರಿಳಿದ ಕಾಲದಲ್ಲಿ ಪಾತ್ರದ ಬಂಡೆಗಳಲ್ಲಿ ದುಂಡನೆಯ ಕುಳಿಗಳು ಕಾಣುತ್ತವೆ. ಸುಳಿಗೆ ಸಿಕ್ಕಿದ ಉರುಟುಗಲ್ಲು ಅಲ್ಲಿಯೇ ಗಿರಗಿರನೆ ತಿರುಗಿ ಕೊರೆದ ಕುಳಿಗಳವು. ಕೊರೆದ ಕಲ್ಲೂ ತಾನೇ ಸವೆದು ಹೋಗುತ್ತದೆ, ಅದರ ಜಾಗಕ್ಕೆ ಮುಂದಿನ ಪ್ರವಾಹ ಇನ್ನೊಂದನ್ನು ತಂದು ಹಾಕುತ್ತದೆ. ಹೀಗೆ ಮಣ್ಣು ಕಳಚಿ ಹೋದಂತೆಲ್ಲ ಒಳಗಿದ್ದ ಉಂಡೆಗಳು ಒಂದರ ಮೇಲೊಂದು ಕುಸಿದು ಕುಳಿತವು. ರಾಯರ ನಗರಕ್ಕೆ ಬೇಕಾದ ಕಲ್ಲಿನ ಕಣಜ ಹೀಗೆ ಸಿದ್ಧವಾಯಿತು.

1336ರಲ್ಲಿ ನಗರಕ್ಕೆ ಅಡಿಪಾಯ ಬಿದ್ದಾಗ ಕಲ್ಲುಕುಟಿಗರು ಬೆಟ್ಟವನ್ನು ಅಗೆಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಕಾಲಬುಡದಲ್ಲೇ ಬಿದ್ದಿದ್ದ ಬಂಡೆಯ ಎಳೆ ಹಿಡಿದು, ಸಾಲಾಗಿ ಚೌಕ ಗುಳಿಗಳನ್ನು ಹೊಡೆದು, ಬೆಣೆ ಬಡಿದು ಸೀಳಿದರು. ಒಣಮರದ ಬೆಣೆ ಬಡಿದು ನೀರೆರೆಯುತ್ತಿದ್ದರು, ಮರ ಊದಿ ಕಲ್ಲು ಸೀಳುತ್ತಿತ್ತು ಎಂದು ಊರಲ್ಲಿ ಹೇಳುತ್ತಾರೆ. ಬಿರುಕಿಗೆ ನೀರು ಇಳಿಸುವ ಆ ಉಪಾಯದಲ್ಲಿ ಮಳೆಯ ಹಳೆಯ ಪಾಠವೇ ಇದೆ. ಗುಳಿಗಳ ಸಾಲು ಹೊಡೆದು ಅದೇಕೋ ಸೀಳದೆ ಬಿಟ್ಟ ಬಂಡೆಗಳು ಇಂದಿಗೂ ದಾರಿಯ ಪಕ್ಕದಲ್ಲಿ ಬಿದ್ದಿವೆ. ಕೆಲಸ ನಿಂತದ್ದು ಸಂಜೆಯಾದ್ದರಿಂದಲೋ ಸಾಮ್ರಾಜ್ಯ ಮುಗಿದದ್ದರಿಂದಲೋ. ಕೆಲವು ಗುಂಡುಗಳನ್ನು ಅವರು ಕದಲಿಸಲೇ ಇಲ್ಲ. 1528ರಲ್ಲಿ ಕೃಷ್ಣದೇವರಾಯನು ಮಾಡಿಸಿದ ಉಗ್ರನರಸಿಂಹ ಇದ್ದಲ್ಲೇ ಇದ್ದ ಒಂದು ಬಂಡೆ, 6.7 ಮೀಟರ್ ಎತ್ತರದ ದೇವರು ಅದರೊಳಗಿಂದ ಹೊರಬಂದನು. ಕಡಲೆಕಾಳು ಗಣಪನದೂ ಅದೇ ಬಗೆ.

1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಕಾಳಗದಲ್ಲಿ ಅಳಿಯ ರಾಮರಾಯನು ಮಡಿದನು. ಗೆದ್ದವರು ನಗರವನ್ನು ತಿಂಗಳುಗಟ್ಟಲೆ ಸೂರೆಗೈದು ಗುಡಿಗಳಿಗೆ ಬೆಂಕಿಯಿಟ್ಟರು. ಗ್ರಾನೈಟ್ ಮಳೆಗೆ ಕೊಟ್ಟಷ್ಟು ಸಮಯವನ್ನು ಬೆಂಕಿಗೆ ಕೊಡಲಾರದು. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಬೆಣಚಿನ ಹರಳಿನ ಒಳರಚನೆಯೇ ಬದಲಾಗಿ ಅದು ಸರ್ರನೆ ಹಿಗ್ಗುತ್ತದೆ. ಪಕ್ಕದ ಹರಳುಗಳು ಆ ವೇಗಕ್ಕೆ ಹೊಂದಿಕೊಳ್ಳಲಾಗದೆ ಕಲ್ಲು ಸಿಡಿಯುತ್ತದೆ. ಯಾವ ಹುಳಿನೀರಿಗೂ ಜಗ್ಗದ ಬೆಣಚೇ ಇಲ್ಲಿ ಮನೆಮುರುಕನಾಯಿತು. ಲಕ್ಷ ವರ್ಷದ ಶಿಥಿಲೀಕರಣವನ್ನು ಒಂದು ಸೌದೆಯ ರಾಶಿ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಬಲ್ಲದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಾಳು ಹಂಪೆಯನ್ನು ಕಂಡವರು ಕಾಲನ ಹೊಡೆತವೆಂದು ನಿಟ್ಟುಸಿರು ಬಿಡುವುದುಂಟು. ಅದು ಕಾಲನಿಗೆ ಹೊರಿಸಿದ ಸುಳ್ಳು ಆರೋಪ. ದಖ್ಖನಿನ ಈ ಪ್ರಸ್ಥಭೂಮಿ ಸವೆಯುವುದು ಹತ್ತು ಲಕ್ಷ ವರ್ಷಕ್ಕೆ ಹತ್ತಾರು ಮೀಟರಿನ ಲೆಕ್ಕದಲ್ಲಿ. ಹಕ್ಕ–ಬುಕ್ಕರ ಕಾಲದಿಂದ ಇಂದಿನವರೆಗಿನ ಸುಮಾರು 700 ವರ್ಷಕ್ಕೆ ಆ ದರದಲ್ಲಿ ಸಲ್ಲುವುದು ಒಂದೆರಡು ಸೆಂಟಿಮೀಟರ್. ಬರಿಮೈಯ ಗಟ್ಟಿಬಂಡೆಗೆ ಅಷ್ಟೂ ಇಲ್ಲ. ಅದಕ್ಕೇ ಶಾಸನಗಳನ್ನು ಇನ್ನೂ ಬೆರಳಿಟ್ಟು ಓದಬಹುದು. ಕಂಬಗಳನ್ನು ಕೆಡವಿದವರು ಮನುಷ್ಯರು.

ಹಾಗೆಂದು ಮಳೆ ಕೈಕಟ್ಟಿ ಕುಳಿತಿಲ್ಲ. ಗೋಪುರದ ಇಟ್ಟಿಗೆಯ ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿಯ ಬೀಜ ಬೇರಿಳಿಸುತ್ತದೆ. ಕಮಲಾಪುರದ ದಾರಿಯ ಅಕ್ಕ–ತಂಗಿ ಗುಡ್ಡದಲ್ಲಿ, ಹಂಪಿಯನ್ನು ಹೀಯಾಳಿಸಿ ಕಲ್ಲಾದರೆಂದು ಹೇಳುವ ಅಕ್ಕತಂಗಿಯರಲ್ಲಿ, ಒಬ್ಬಳ ಪಾಲು ಈಚಿನ ವರ್ಷಗಳಲ್ಲಿ ಬಿರಿದು ಬಿದ್ದಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು.

ನದಿಯ ಸಾಗಣೆಗೆ ಮೊದಲ ದೊಡ್ಡ ತಡೆ ಬಂದದ್ದು ಹಂಪಿಗೆ ಮೇಲುಗಡೆ, ಹೊಸಪೇಟೆಯ ಬಳಿ. 1945ರಲ್ಲಿ ಕೆಲಸ ತೊಡಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಘಟ್ಟದಿಂದ ಇಳಿದು ಬರುವ ಮಣ್ಣಿಗೆ ಅಡ್ಡನಿಂತಿತು. ಮಲೆನಾಡಿನ ಕೆಂಪುಮಣ್ಣು, ಬಯಲುಸೀಮೆಯ ಎರೆಮಣ್ಣು, ಉತ್ತ ಹೊಲಗಳ ಮೇಲ್ಪದರ ಎಲ್ಲವೂ ನಿಂತ ನೀರಿನಲ್ಲಿ ತಳಕ್ಕಿಳಿದವು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105.8 ಟಿಎಂಸಿ. ಉಳಿದ 27 ಟಿಎಂಸಿ, ಅಂದರೆ 2,700 ಕೋಟಿ ಘನ ಅಡಿಯ ಜಾಗದಲ್ಲಿ ಹೂಳು ಕುಳಿತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋದಾಗ ಹೊಳೆಗೆ ಬಿದ್ದದ್ದು ಮೇಲಿನ ನೀರು. ತಳದ ಹೂಳಿಗೆ ಆ ಬಾಗಿಲು ಎಟುಕುವ ಎತ್ತರದಲ್ಲಿಲ್ಲ. ಅಷ್ಟು ಮಣ್ಣನ್ನು ಎತ್ತಿ ಹಾಕುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಕಳೆದುಕೊಂಡ ನೀರನ್ನು ಬೇರೆಡೆ ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಯೋಜನೆ ಹುಟ್ಟಿಕೊಂಡಿತು. ನೀರಿನಲ್ಲಿ ಪಾಲುದಾರರಾದ ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಅದಕ್ಕೆ ಬೇಕು.