ಮರಳಿ ಬರುವ ವ್ಯಾಧಿ

“ಗಡ್ಡೆಯನ್ನೆಲ್ಲ ತೆಗೆದಿದ್ದೇವೆ ಎಂದಿದ್ದರು ಮೇಷ್ಟ್ರೇ, ವರ್ಷದೊಳಗೆ ಮತ್ತೆ ಬಂದದ್ದೆಲ್ಲಿಂದ?” ತಂದೆಯವರ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕುರಿತು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯಿದು. ವೈದ್ಯನಲ್ಲದ ನಾನು ಇತಿಹಾಸದ ಮೊರೆಹೊಕ್ಕೆ.

1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಈ ಗ್ರಂಥಿಯ ತಲೆಭಾಗವನ್ನು, ಅದಕ್ಕಂಟಿದ ಸಣ್ಣ ಕರುಳಿನ ತುಣುಕಿನೊಡನೆ, ಎರಡು ಹಂತಗಳಲ್ಲಿ ಕತ್ತರಿಸಿ ತೆಗೆದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಆ ಕ್ರಮವನ್ನು ಪ್ರಸಿದ್ಧಿಗೆ ತಂದರು. ಶಸ್ತ್ರಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು. ಪಾಪ, ಕೌಶರನ್ನು ನೆನೆಯುವವರು ಕಡಿಮೆ! ಅಂದಿನ ದೊಡ್ಡ ಭಯ ಶಸ್ತ್ರಚಿಕಿತ್ಸೆಯಿಂದಲೇ ಒದಗುವ ಸಾವಿನದು. ದಶಕಗಳು ಉರುಳಿದಂತೆ ಆ ಭಯ ತಗ್ಗಿತು. ರೋಗ ಮರುಕಳಿಸುವುದು ಮಾತ್ರ ತಪ್ಪಲಿಲ್ಲ.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಶಸ್ತ್ರಚಿಕಿತ್ಸೆಗೊಳಗಾದ 692 ರೋಗಿಗಳ ಲೆಕ್ಕವನ್ನು 2018ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಜನರಲ್ಲಿ ರೋಗ ಮರಳಿತ್ತು. ಯಕೃತ್ತಿನಲ್ಲಷ್ಟೇ ಮರಳಿದವರ ಪೈಕಿ ಅರ್ಧದಷ್ಟು ಜನರಿಗೆ 6.9 ತಿಂಗಳೊಳಗೇ ಹಾಗಾಗಿತ್ತು. ಶ್ವಾಸಕೋಶದಲ್ಲಷ್ಟೇ ಆದವರಿಗೆ ಆ ಅವಧಿ 18.6 ತಿಂಗಳು. ಮೇದೋಜೀರಕದ ರಕ್ತ ಮೊದಲು ಹರಿಯುವುದು ಯಕೃತ್ತಿಗೇ. ಅಷ್ಟು ಬೇಗ ಅಲ್ಲಿ ಕಾಣಿಸಿಕೊಂಡದ್ದು ಬಹುಮಟ್ಟಿಗೆ ಹೊಸದಾಗಿ ಹುಟ್ಟಿದ್ದಲ್ಲ. ಕತ್ತಿ ತಾಗುವ ಮುನ್ನವೇ, ಸ್ಕ್ಯಾನಿಗೂ ಕಾಣದಷ್ಟು ಸೂಕ್ಷ್ಮವಾಗಿ ಹೋಗಿ ನೆಲೆಸಿದ್ದು. ಶಸ್ತ್ರಚಿಕಿತ್ಸೆಯ ನಂತರವೂ ಔಷಧ ಕೊಡುವುದು ಇದಕ್ಕಾಗಿಯೇ. 2018ರಲ್ಲೇ ಫ್ರಾನ್ಸ್ ಮತ್ತು ಕೆನಡಾದ ವೈದ್ಯರು, ಹಲವು ಔಷಧಗಳನ್ನು ಕೂಡಿಸಿ ಕೊಟ್ಟಾಗ ರೋಗವಿಲ್ಲದ ಮಧ್ಯಮ ಅವಧಿ 12.8 ತಿಂಗಳಿನಿಂದ 21.6ಕ್ಕೆ ಏರಿತೆಂದು ತೋರಿಸಿದರು.

ಶಸ್ತ್ರವೈದ್ಯರು ಸುಳ್ಳಾಡಿರಲಿಲ್ಲ, ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದರು ಎಂದು ಅವನಿಗೆ ಬರೆದೆ.